ಹೆಸರು ನಂಬಿ ಹೊರಟರೆ ಅಜ್ಜ ಸಿಗುವುದಿಲ್ಲ

ಡಬ್ಲಿನ್ನಿನ ಸ್ಮರಣಿಕೆ ಅಂಗಡಿಗಳಲ್ಲಿ ಮರ್ಫಿ, ಓಬ್ರಯನ್, ಕೆನಡಿ ಎಂದು ಹೆಸರು ಹೇಳಿದರೆ ಸಾಕು, 'ಮನೆತನದ ಲಾಂಛನ' ಅಚ್ಚಾದ ಕಾಫಿ ಲೋಟ ಕೈಗೆ ಬರುತ್ತದೆ. ಅಮೆರಿಕದಿಂದ ಬೇರು ಹುಡುಕಿ ಬಂದವರು ಅದನ್ನು ಭಕ್ತಿಯಿಂದ ಕೊಳ್ಳುತ್ತಾರೆ. ಲಾಂಛನ ಕೊಡುತ್ತಿದ್ದುದು ಒಬ್ಬ ವ್ಯಕ್ತಿಗೆ, ಅವನ ವಾರಸುದಾರರಿಗೆ. ಆ ಹೆಸರು ಹೊತ್ತವರಿಗೆಲ್ಲ ಅಲ್ಲ. ಇದನ್ನು ಅಂಗಡಿಯವನು ಹೇಳುವುದಿಲ್ಲ.

ಹೆಸರೇ ಅಷ್ಟು ನಂಬಿಕಸ್ಥ ಸಾಕ್ಷಿಯಲ್ಲ. ಡಬ್ಲಿನ್ ಸುತ್ತಲಿನ ಐರಿಷರು ಊರು, ಬಣ್ಣ ಇಲ್ಲವೇ ಕಸುಬಿನ ಇಂಗ್ಲಿಷ್ ಹೆಸರು ಇಟ್ಟುಕೊಳ್ಳಬೇಕೆಂದು 1465ರಲ್ಲೇ ಕಾನೂನಾಗಿತ್ತು. ಮುಂದೆ ಎಷ್ಟೋ ಮನೆತನಗಳು ಹೆಸರಿನ ಮೊದಲಿನ 'ಓ', 'ಮ್ಯಾಕ್' ಕಳಚಿಟ್ಟವು. ರಾಷ್ಟ್ರೀಯತೆಯ ಗಾಳಿ ಬೀಸಿದಾಗ ಕೆಲವು ಮತ್ತೆ ತೊಟ್ಟವು. ಐರಿಷ್ ಅಡ್ಡಹೆಸರುಗಳ ಮಹಾಪಂಡಿತ ಎಡ್ವರ್ಡ್ ಮ್ಯಾಕ್‌ಲೈಸಟ್ ಕೂಡ ಮೊದಲು ಬರೀ ಲೈಸಟ್. 'ಮ್ಯಾಕ್' ಸೇರಿದ್ದು 1920ರಲ್ಲಿ!

ಇನ್ನು ದಾಖಲೆಗಳ ಪಾಡು. 1922ರ ಜೂನ್ 30ರಂದು, ಅಂತರ್ಯುದ್ಧದ ಹೊತ್ತಿನಲ್ಲಿ, ಡಬ್ಲಿನ್ನಿನ ಸಾರ್ವಜನಿಕ ದಾಖಲೆ ಕಚೇರಿ ಸ್ಫೋಟಿಸಿ ಹೊತ್ತಿ ಉರಿಯಿತು. 1821ರಿಂದ 1851ರವರೆಗಿನ ಜನಗಣತಿ ಹಾಳೆಗಳು ಬಹುಪಾಲು ಅಲ್ಲೇ ಬೂದಿಯಾದವು. ಎಲ್ಲ ಪಾಪವನ್ನೂ ಬೆಂಕಿಯ ತಲೆಗೆ ಕಟ್ಟುವುದು ವಾಡಿಕೆ, ಆದರೆ 1861 ಮತ್ತು 1871ರ ಹಾಳೆಗಳನ್ನು ಸರ್ಕಾರವೇ ನಾಶಮಾಡಿತ್ತು. 1881, 1891ರವನ್ನು ಮೊದಲ ಮಹಾಯುದ್ಧದ ಕಾಲದಲ್ಲಿ ರದ್ದಿಯಾಗಿ ಅರೆಸಿತ್ತು.

ಹಾಗಿದ್ದೂ ಅಜ್ಜಂದಿರು ಸಿಕ್ಕಿದ್ದಾರೆ. ಬರಾಕ್ ಒಬಾಮಾರ ತಾಯಿಯ ಕಡೆಯ ಪೂರ್ವಜ ಫಾಲ್ಮತ್ ಕಾರ್ನಿ, ಆಫಲಿ ಕೌಂಟಿಯ ಮನಿಗಾಲ್ ಹಳ್ಳಿಯ ಚಪ್ಪಲಿ ಹೊಲಿಯುವವನ ಮಗ, 1850ರಲ್ಲಿ ಅಮೆರಿಕಕ್ಕೆ ಹೋದವನು. ಅವನ ಗುರುತು ಹಿಡಿದದ್ದು ಪಾದ್ರಿಯೊಬ್ಬರು ತೆರೆದ ಹಳೆಯ ಚರ್ಚ್ ಪುಸ್ತಕದಿಂದ. ಮುಹಮ್ಮದ್ ಅಲಿಯ ಮುತ್ತಜ್ಜ ಏಬ್ ಗ್ರೇಡಿ ಕ್ಲೇರ್ ಕೌಂಟಿಯ ಎನಿಸ್‌ನವನು. 2009ರಲ್ಲಿ ಅಲಿ ಅಲ್ಲಿಗೇ ಹೋಗಿ ಬಂದರು. ಒಬಾಮಾ, ಅಲಿ: ಈ ಹೆಸರುಗಳಲ್ಲಿ ಐರ್ಲೆಂಡಿನ ವಾಸನೆಯಾದರೂ ಇದೆಯೇ? ಎರಡೂ ಕಡೆ ಬಳ್ಳಿ ಹಬ್ಬಿದ್ದು ತಾಯಿಯ ಮೂಲಕ.

ಆದ್ದರಿಂದ ಹೆಸರಿಗಿಂತ ಹಳ್ಳಿಯ ಬೆನ್ನು ಹಿಡಿಯುವುದೇ ಲೇಸು. 1901 ಮತ್ತು 1911ರ ಜನಗಣತಿ ಪೂರ್ತಿ ಉಳಿದಿದೆ. ಯಾರಿಗೆ ಓದು ಬರಹ ಬರುತ್ತಿತ್ತು, ಮನೆಗೆ ಹುಲ್ಲಿನ ಮಾಡೋ ಬೇರೆಯದೋ, ಮುಂದಿನ ಗೋಡೆಗೆ ಎಷ್ಟು ಕಿಟಕಿ ಎಂಬುದೂ ಅದರಲ್ಲಿದೆ. ಐರ್ಲೆಂಡಿನ ರಾಷ್ಟ್ರೀಯ ಪತ್ರಾಗಾರ ಇದನ್ನು ಅಂತರ್ಜಾಲದಲ್ಲಿ ಉಚಿತವಾಗಿಟ್ಟಿದೆ. 2011ರಲ್ಲಿ ಅದೇ ದೇಶದ ಸರ್ಕಾರ ಹೊರನಾಡಿನವರಿಗೆ 'ಐರಿಷ್ ಪರಂಪರೆ'ಯ ಪ್ರಮಾಣಪತ್ರ ಮಾರಲು ಹೊರಟಿತ್ತು. ಕೊಳ್ಳುವವರು ಸಾಲದೆ 2015ರಲ್ಲಿ ಅದನ್ನು ನಿಲ್ಲಿಸಿತು.