ಗಾಳಿಯ ಪಾಲಾಗುವ ಗೊಬ್ಬರ

ನಮ್ಮ ನಗರಗಳ ಎಷ್ಟೋ ಮನೆಗಳಲ್ಲಿ ಬೇಯುವ ಸೋನಾ ಮಸೂರಿ ಅಕ್ಕಿ ಗಂಗಾವತಿ ಸೀಮೆಯದು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡು ಬೆಳೆಯುವ ಆ ಭತ್ತಕ್ಕೆ ರೈತನು ಯೂರಿಯಾವನ್ನೂ ಧಾರಾಳವಾಗಿ ಉಣಿಸುತ್ತಾನೆ. ಆದರೆ ಹಾಕಿದ ಗೊಬ್ಬರವೆಲ್ಲವೂ ಪೈರಿಗೆ ಸೇರಿತೆಂದು ಭಾವಿಸಿದರೆ ಅದು ಭ್ರಮೆಯೇ ಸರಿ.

ಯೂರಿಯಾದ 45 ಕಿಲೋ ಚೀಲದಲ್ಲಿರುವ ಸಾರಜನಕ ಸುಮಾರು 20.7 ಕಿಲೋ. ಭತ್ತದ ಗದ್ದೆಯಲ್ಲಿ ಸಾಮಾನ್ಯವಾಗಿ ಅದರ ಅರ್ಧದಷ್ಟೂ ಬೆಳೆಗೆ ದಕ್ಕುವುದಿಲ್ಲ. ಮಿಕ್ಕದ್ದರಲ್ಲಿ ಕೆಲವಂಶ ಮಣ್ಣಿನಲ್ಲಿ ಉಳಿದೀತು. ಬಹಳಷ್ಟು ಹೊಲವನ್ನೇ ಬಿಟ್ಟು ಹೋಗುತ್ತದೆ. ಹೋಗುವುದಾದರೂ ಎಲ್ಲಿಗೆ?

ನಿಂತ ನೀರಿನ ಮೇಲೆ ಎರಚಿದ ಯೂರಿಯಾ ಅಮೋನಿಯಾ ಆಗುತ್ತದೆ. ಬಿಸಿಲೇರಿದಾಗ ಪಾಚಿಯಿಂದಾಗಿ ನೀರು ಕ್ಷಾರಗುಣ ತಾಳುವುದರಿಂದ ಅಮೋನಿಯಾ ಗಾಳಿಗೆ ಹಾರುತ್ತದೆ. ಗದ್ದೆ ಆರಿದಾಗ ಸೂಕ್ಷ್ಮಜೀವಿಗಳು ಸಾರಜನಕವನ್ನು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಮತ್ತೆ ನೀರು ಕಟ್ಟಿದೊಡನೆ ಬೇರೆ ಜೀವಿಗಳು ಅದರಲ್ಲಿನ ಆಮ್ಲಜನಕವನ್ನು ಬಳಸಿಕೊಂಡು ಸಾರಜನಕವನ್ನು ಅನಿಲರೂಪದಲ್ಲಿ ಹೊರಬಿಡುತ್ತವೆ. ಅದರೊಡನೆ ಹೊರಡುವ ನೈಟ್ರಸ್ ಆಕ್ಸೈಡ್, ಭೂಮಿಯನ್ನು ಬಿಸಿಮಾಡುವುದರಲ್ಲಿ ತೂಕಕ್ಕೆ ತೂಕ ಇಂಗಾಲದ ಡೈ ಆಕ್ಸೈಡಿಗಿಂತ ಸುಮಾರು 270 ಪಟ್ಟು ಪ್ರಬಲ. ಕೆಳಗಿಳಿದ ನೈಟ್ರೇಟ್ ಬಾವಿಯ ನೀರನ್ನು ಸೇರುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ನಿಯಮವಿದೆ. ಮೀರಿದರೆ ಹಸುಗೂಸುಗಳಿಗೆ ಅಪಾಯ.

ಇದಕ್ಕೆ ಪರಿಹಾರ ಇನ್ನೊಂದು ಚೀಲ ಸುರಿಯುವುದಲ್ಲ. ಹಾಗೆ ಸುರಿದರೆ ಪೈರು ಸೊಕ್ಕಿ ನೆಲಕ್ಕೊರಗುತ್ತದೆ, ಕೀಟಗಳೂ ಮುತ್ತುತ್ತವೆ. ಗದ್ದೆಯ ನೀರನ್ನು ಬಸಿದು, ಗೊಬ್ಬರವನ್ನು ಕೆಸರಿನೊಳಗೆ ಬೆರೆಸಿ, ಅನಂತರ ನೀರು ಕಟ್ಟಬೇಕು. ನಾಟಿಯ ವೇಳೆ, ತೆಂಡೆ ಒಡೆಯುವಾಗ, ತೆನೆ ಮೂಡುವಾಗ ಎಂದು ಮೂರು ಕಂತುಗಳಲ್ಲಿ ಕೊಡಬೇಕು. ಎಲೆಯ ಹಸುರನ್ನು ಬಣ್ಣದ ಪಟ್ಟಿಯೊಡನೆ ಹೋಲಿಸಿ ನೋಡಿದರೆ ಪೈರಿನ ಹಸಿವು ತಿಳಿಯುತ್ತದೆ. ಬೇವೂ ನೆರವಿಗಿದೆ: ನೈಟ್ರೇಟ್ ಮಾಡುವ ಜೀವಿಗಳ ವೇಗವನ್ನು ಅದು ತಗ್ಗಿಸುತ್ತದೆ. ದೇಶದಲ್ಲಿ ತಯಾರಾಗುವ ಯೂರಿಯಾಕ್ಕೆಲ್ಲ ಬೇವಿನೆಣ್ಣೆಯ ಲೇಪನ 2015ರಿಂದ ಕಡ್ಡಾಯವಾಗಿದೆ. ಆದರೆ ನೀರಿನ ಮೇಲೆ ಎರಚಿದ ಗೊಬ್ಬರದ ಅಮೋನಿಯಾವನ್ನು ಬೇವು ಹಿಡಿದು ನಿಲ್ಲಿಸಲಾರದು.

ಅದೇ ಕೊಪ್ಪಳ ಜಿಲ್ಲೆಯ ಯಲಬುರ್ಗಾ, ಕುಷ್ಟಗಿಗಳ ಕಥೆ ಬೇರೆ. ಮಳೆಯನ್ನೇ ನಂಬಿದ ಅಲ್ಲಿನ ಹೊಲಗಳಲ್ಲಿ ಕಾಲುವೆಯ ನೀರಿನ ಅನುಕೂಲವಿಲ್ಲ. ಸುಣ್ಣದಂಶವಿರುವ ಎರೆ ಭೂಮಿಯ ಮೇಲೆ ಚೆಲ್ಲಿದ ಯೂರಿಯಾ ಮಳೆ ತಡವಾದರೆ ಗಾಳಿಗೇ ಹೋಗುತ್ತದೆ. ಕೂರಿಗೆಯಿಂದ ಹಸಿ ಮಣ್ಣಿನೊಳಗೆ ಇಳಿಸಿದರೆ ಉಳಿಯುತ್ತದೆ.

ಯೂರಿಯಾದ ಬೆಲೆಯ ಬಹುಪಾಲನ್ನು ಸರ್ಕಾರ ಭರಿಸುತ್ತಿರುವುದರಿಂದ ಹಾರಿಹೋಗುವುದು ನಮ್ಮ ನಿಮ್ಮ ತೆರಿಗೆಯ ಹಣವೂ ಹೌದು. ಗಂಗಾವತಿಯ ನೆಂಟರು ಮನೆಗೆ ಬಂದಾಗ ಉಭಯಕುಶಲೋಪರಿಯ ನಡುವೆ ಇದನ್ನೊಂದು ಕೇಳಿ ನೋಡಿ: “ಗೊಬ್ಬರ ಹಾಕುವ ಮೊದಲು ಗದ್ದೆಯ ನೀರು ಬಸಿದಿರಾ?”