ಕೈ ಬಡಿಯುವ ಮಗುವಿಗೆ ಬಡಿಯಬೇಡಿ

‘ಕೈ ಕಟ್, ಬಾಯ್ ಮುಚ್’. ನಮ್ಮ ಎಷ್ಟೋ ಶಾಲೆಗಳಲ್ಲಿ ಶಿಸ್ತು ಅಂದ್ರೆ ಇಷ್ಟೇ. ಆದರೆ ಕೆಲವು ಮಕ್ಕಳಿಗೆ ಕೈ ಕಟ್ಟಿ ಕೂರುವುದೇ ದೊಡ್ಡ ಶಿಕ್ಷೆ.

ಆಟಿಸಂ ಇರುವ ಎಷ್ಟೋ ಮಕ್ಕಳು ಖುಷಿಯಾದಾಗ, ಗಾಬರಿಯಾದಾಗ ಕೈ ಬಡಿಯುತ್ತವೆ, ಹಿಂದೆ ಮುಂದೆ ತೂಗುತ್ತವೆ, ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತವೆ. ಎಡಿಎಚ್‌ಡಿ ಇರುವ ಮಗು ಕಾಲು ಅಲ್ಲಾಡಿಸುತ್ತದೆ, ಪೆನ್ಸಿಲ್ ಕಚ್ಚುತ್ತದೆ. ಇದನ್ನು ‘ಸ್ಟಿಮ್ಮಿಂಗ್’ ಅನ್ನುತ್ತಾರೆ. ಹಾಗಂತ ಕಾಲು ಅಲ್ಲಾಡಿಸುವವರಿಗೆಲ್ಲ ಎಡಿಎಚ್‌ಡಿ ಇದೆ ಎಂದಲ್ಲ.

ಇದು ಗಾಳಿ ಸೋಕಿದ್ದಲ್ಲ, ಹಟವೂ ಅಲ್ಲ. ತಾಯತ ಕಟ್ಟಿಸಿದರೆ ಹೋಗುವುದೂ ಅಲ್ಲ. ಜಾತ್ರೆಯ ಮೈಕು, ಮಿಕ್ಸಿ ಸದ್ದು, ಜನರ ಗದ್ದಲ ತಡೆಯಲಾಗದೆ ಹೋದಾಗ ಮಗು ತನ್ನನ್ನು ತಾನೇ ಸಮಾಧಾನ ಮಾಡಿಕೊಳ್ಳುವ ದಾರಿ. ಫೋನಿನಲ್ಲಿ ಮಾತಾಡುತ್ತಾ ನಾವು ಅಂಗಳದಲ್ಲಿ ಅತ್ತಿಂದಿತ್ತ ಓಡಾಡುವುದಿಲ್ಲವೇ? ಹೊಡೆದು ನಿಲ್ಲಿಸಿದರೆ ಕೈ ನಿಲ್ಲಬಹುದು, ಗಾಬರಿ ನಿಲ್ಲುವುದಿಲ್ಲ.

ತಲೆ ಗೋಡೆಗೆ ಚಚ್ಚಿಕೊಂಡರೆ, ಕೈ ಕಚ್ಚಿಕೊಂಡು ಗಾಯ ಮಾಡಿಕೊಂಡರೆ ತಡೆಯಲೇಬೇಕು. ಏಟಿನಿಂದಲ್ಲ, ಸದ್ದಿಲ್ಲದ ಜಾಗಕ್ಕೆ ಕರೆದೊಯ್ದು, ಆಮೇಲೆ ವೈದ್ಯರಿಗೆ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂಥ ಮಕ್ಕಳನ್ನು ನೋಡುತ್ತಾರೆ.

ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಆಟಿಸಂ ಇದೆ. ಹಾಗಾಗಿ ಮೇಷ್ಟ್ರೇ, ತೂಗುವ ಮಗುವನ್ನು ಹೊರಗೆ ನಿಲ್ಲಿಸಬೇಡಿ. ಅದು ತೂಗುತ್ತಲೇ ಪಾಠ ಕೇಳಲಿ. ಉಳಿದ ಮಕ್ಕಳು ನಗದಂತೆ ನೋಡಿಕೊಳ್ಳುವುದು ನಿಮ್ಮ ಕೆಲಸ.