ಕಚ್ಚುವ ಮುನ್ನ ಹಾವನ್ನು ನೋಡಿ, ಕಚ್ಚಿದ ಮೇಲೆ ಮನುಷ್ಯನನ್ನು ನೋಡಿ

ಸಕಲೇಶಪುರದ ಬಳಿಯ ಆನೇಮಹಲ್ ಸುತ್ತಿನ ತೋಟಗಳಲ್ಲಿ ಅರೇಬಿಕಾ ಕೊಯ್ಲು ಶುರುವಾದರೆ ಜನರ ಕೈಕಾಲು ದಿನವಿಡೀ ತರಗಿನ ನಡುವೆಯೇ ಇರುತ್ತದೆ. ಉದುರಿದ ಹಣ್ಣು ಆಯುವವರು ಬರಿಗೈಯಲ್ಲಿ ಎಲೆ ಸರಿಸುತ್ತಾರೆ. ಇತ್ತ ಆಲೂರಿನ ಕಡೆ ಭತ್ತದ ಕೊಯ್ಲಿಗೆ ಬಗ್ಗಿದವರ ಕೈ ನೇರ ತೆನೆಯ ಬುಡಕ್ಕೆ ಹೋಗುತ್ತದೆ. ಈ ಕೆಲಸಗಳ ನಡುವೆ ಹಾವು ಕಂಡಾಗ ಎಲ್ಲರ ಬಾಯಲ್ಲೂ ಬರುವುದು ಒಂದೇ ಪ್ರಶ್ನೆ: ವಿಷದ ಹಾವಾ, ಅಲ್ಲವಾ? ಹಾವು ಇನ್ನೂ ದೂರದಲ್ಲಿರುವಾಗ ಈ ಪ್ರಶ್ನೆ ಸರಿಯಾದದ್ದು. ಮಲೆನಾಡಿನಲ್ಲಿ ಬದುಕುವ ಪ್ರತಿಯೊಬ್ಬರಿಗೂ ಅದರ ಉತ್ತರ ಗೊತ್ತಿರಬೇಕು. ಆದರೆ ಹಾವು ಕಚ್ಚಿದ ಮೇಲೂ ಅದೇ ಪ್ರಶ್ನೆಗೆ ಜೋತುಬಿದ್ದರೆ ಜೀವಕ್ಕೇ ಸಂಚಕಾರ. ನಮ್ಮಲ್ಲಿ ಆಗುತ್ತಿರುವುದು ಬಹುಮಟ್ಟಿಗೆ ಇದರ ತಿರುವುಮುರುವು. ಹಾವು ಸುಮ್ಮನೆ ಹೋಗುತ್ತಿರುವಾಗ ಯಾವುದೆಂದು ನೋಡದೆ ಹೊಡೆಯುತ್ತೇವೆ, ಕಚ್ಚಿದ ಮೇಲೆ ಅದು ಯಾವುದೆಂದು ಹುಡುಕಲು ದೊಣ್ಣೆ ಹಿಡಿದು ಹೊರಡುತ್ತೇವೆ.

ಗುರುತಿಸುವ ವಿಚಾರದಲ್ಲಿ ಮೊದಲು ಬಿಡಬೇಕಾದದ್ದು ಎಲ್ಲ ಹಾವಿಗೂ ಅನ್ವಯಿಸುವ ಒಂದೇ ಸೂತ್ರದ ಆಸೆಯನ್ನು. ತಲೆ ತ್ರಿಕೋನವಾಗಿದ್ದರೆ ವಿಷ ಎನ್ನುವ ಮಾತು ಎಲ್ಲೆಡೆ ಚಾಲ್ತಿಯಲ್ಲಿದೆ. ನಾಗರಹಾವಿನ ತಲೆ ತ್ರಿಕೋನವಲ್ಲ, ಕಟ್ಟುಹಾವಿನದೂ ಅಲ್ಲ. ಇವೆರಡೂ ಜೀವ ತೆಗೆಯಬಲ್ಲವು. ಅದೇ ಮನುಷ್ಯನಿಗೆ ಅಪಾಯವಿಲ್ಲದ ಬೆಕ್ಕುಹಾವಿನ ತಲೆ ಚೆನ್ನಾಗಿ ತ್ರಿಕೋನವಾಗಿದೆ, ಬೆದರಿದ ನೀರೊಳ್ಳೆ ಕೂಡ ತಲೆ ಚಪ್ಪಟೆ ಮಾಡಿಕೊಳ್ಳುತ್ತದೆ. ಕಣ್ಣಿನ ಪಾಪೆ ಸೀಳಿದಂತಿದ್ದರೆ ವಿಷ ಎನ್ನುವುದೂ ಹಾಗೆಯೇ: ಹೆಬ್ಬಾವಿನ ಪಾಪೆ ಸೀಳು, ನಾಗರದ್ದು ದುಂಡು. ಎರಡು ಹಲ್ಲಿನ ಗುರುತಿದ್ದರೆ ವಿಷ, ಇಲ್ಲದಿದ್ದರೆ ಇಲ್ಲ ಎನ್ನುವುದಂತೂ ಎಲ್ಲಕ್ಕಿಂತ ಅಪಾಯದ್ದು. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚಿದರೆ ನೋವಿಲ್ಲ, ಊತವಿಲ್ಲ, ಎಷ್ಟೋ ಸಲ ಗುರುತೇ ಕಾಣುವುದಿಲ್ಲ. ನಸುಕಿನಲ್ಲಿ ಹೊಟ್ಟೆನೋವೆಂದು ಎದ್ದವರ ಕಣ್ಣೆವೆ ಜೋತುಬೀಳತೊಡಗಿದಾಗಲೇ ಗೊತ್ತಾಗುವುದು.

ಸೂತ್ರ ಸಾಲದು, ಆದರೆ ಕೆಲವೇ ಹಾವುಗಳನ್ನು ಹತ್ತಿರದಿಂದ ಅರಿತರೆ ಸಾಕಷ್ಟಾಯಿತು. ಕಟ್ಟುಹಾವು ಮತ್ತು ತೋಳಹಾವನ್ನೇ ನೋಡಿ. ಎರಡಕ್ಕೂ ಬಿಳಿ ಪಟ್ಟೆ, ಎರಡೂ ರಾತ್ರಿ ಓಡಾಡುವವು, ಎರಡೂ ಮನೆಯೊಳಗೆ ಬರುವವು. ಬೆಳೆದ ಕಟ್ಟುಹಾವು ಮಿರುಗುವ ಕಪ್ಪು. ಅದರ ತೆಳು ಬಿಳಿ ಪಟ್ಟೆಗಳು ಹೆಚ್ಚಾಗಿ ಜೋಡಿಜೋಡಿಯಾಗಿರುತ್ತವೆ, ಕುತ್ತಿಗೆಯಿಂದ ಸ್ವಲ್ಪ ದೂರ ಬಿಟ್ಟು ಶುರುವಾಗಿ ಬಾಲದ ತುದಿಯವರೆಗೂ ಸ್ಪಷ್ಟವಾಗಿ ಉಳಿಯುತ್ತವೆ. ಬೆನ್ನಿನ ನಡುಗೆರೆಯ ಹುರುಪೆಗಳು ಅಕ್ಕಪಕ್ಕದವಕ್ಕಿಂತ ದೊಡ್ಡವು, ಆರು ಮೂಲೆಯವು. ತೋಳಹಾವು ಕಂದು ಮೈಯದು. ಅದರ ಪಟ್ಟೆ ಕುತ್ತಿಗೆಯ ಹತ್ತಿರದಿಂದಲೇ ಅಗಲವಾಗಿ ಶುರುವಾಗಿ ಬಾಲದ ಕಡೆಗೆ ಮಾಸಿಹೋಗುತ್ತದೆ. ಗೋಡೆ ಹತ್ತಿ ಹಂಚಿನ ಸಂದಿಯಲ್ಲಿ ಹಲ್ಲಿ ಹಿಡಿಯುವುದು ಸಾಮಾನ್ಯವಾಗಿ ಇದೇ. ಇಷ್ಟು ತಿಳಿದರೂ ಒಂದು ಎಚ್ಚರ ಬೇಕು: ಕಟ್ಟುಹಾವಿನ ಮರಿಯಲ್ಲಿ ಪಟ್ಟೆ ತಲೆಯ ಹತ್ತಿರದಿಂದಲೇ ಕಾಣಬಹುದು. ಆದ್ದರಿಂದ ಅನುಮಾನವಿದ್ದರೆ ವಿಷದ ಹಾವೆಂದೇ ತಿಳಿದು ದೂರ ಸರಿಯಬೇಕು. ನಾಗರ ಮತ್ತು ಕೇರೆಯ ಗೊಂದಲ ಇಷ್ಟು ಕಠಿಣದ್ದಲ್ಲ. ಕೇರೆಗೆ ದೊಡ್ಡ ಕಣ್ಣು, ತೆಳು ಕುತ್ತಿಗೆ, ತುಟಿಯ ಮೇಲೆ ಕಪ್ಪು ಗೆರೆಗಳು. ಹಗಲಿನಲ್ಲಿ ಓಡಾಡುತ್ತದೆ, ಮನುಷ್ಯನನ್ನು ಕಂಡರೆ ಬಾಣದಂತೆ ಓಡುತ್ತದೆ. ಕೊಳಕುಮಂಡಲದ ಬೆನ್ನ ಮೇಲೆ ಸರಪಳಿಯಂತೆ ಮೂರು ಸಾಲು ಕಂದು ಮಚ್ಚೆ, ಕಪ್ಪು ಅಂಚು. ಅದು ಓಡುವುದಿಲ್ಲ. ಸುತ್ತಿಕೊಂಡು ಕೂತು ಜೋರಾಗಿ ಬುಸುಗುಡುತ್ತದೆ. ಹೆಬ್ಬಾವಿನ ಮರಿಯ ಮಚ್ಚೆಗೆ ಹೀಗೆ ನಿಶ್ಚಿತ ಆಕಾರವಿಲ್ಲ, ಆದರೆ ಹೆಬ್ಬಾವಿನ ಮರಿ ಎಂದು ಕೊಳಕುಮಂಡಲವನ್ನು ಕೈಯಲ್ಲಿ ಎತ್ತುವಷ್ಟು ಧೈರ್ಯ ಯಾರಿಗೂ ಬೇಡ.

ಮುಖ್ಯ ವಿಷದ ಹಾವುಗಳೆಂದು ಪಠ್ಯಪುಸ್ತಕಗಳು ಹೇಳುವ ನಾಲ್ಕೆಂದರೆ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಇದರಲ್ಲಿ ಗರಗಸಮಂಡಲ ಒಣನೆಲದ ಹಾವು, ಸಕಲೇಶಪುರದ ಮಳೆಗುಡ್ಡಗಳದ್ದಲ್ಲ. ಇಲ್ಲಿ ಅದರ ಜಾಗದಲ್ಲಿರುವವು ಗುಳಿಮಂಡಲಗಳು. ಮಲಬಾರ್ ಗುಳಿಮಂಡಲ ಹಸಿರು, ಹಳದಿ, ಕಂದು, ಕಿತ್ತಳೆ ಹೀಗೆ ಬಗೆಬಗೆಯ ಬಣ್ಣದಲ್ಲಿ ಗಿಡದ ಕೊಂಬೆಯ ಮೇಲೆ ಅಲ್ಲಾಡದೆ ಕೂರುತ್ತದೆ. ಗೂನುಮೂಗಿನ ಗುಳಿಮಂಡಲ ಗೇಣು ಎರಡು ಗೇಣಿನ ಕಂದು ಹಾವು. ತರಗಿನ ಮೇಲೆ ಸುತ್ತಿಕೊಂಡರೆ ತರಗೇ ಆಗಿಬಿಡುತ್ತದೆ, ಮೇಲಕ್ಕೆ ಚೂಪಾಗಿ ಎದ್ದ ಮೂತಿ ಮಾತ್ರ ಅದರ ಗುರುತು. ಇವೆರಡನ್ನೂ ತೋಟದ ಕೆಲಸಗಾರರಿಗೆ ಬೇರೆ ಯಾವ ಹಾವಿಗಿಂತ ಮೊದಲು ತೋರಿಸಿಕೊಡಬೇಕು. ಹಸಿರುಹಾವು ಕಣ್ಣಿಗೆ ಕುಕ್ಕುತ್ತದೆ ಎಂದು ಹೆದರುವವರು, ಅದೇ ಗಿಡದಲ್ಲಿ ಕೂತ ಹಸಿರು ಗುಳಿಮಂಡಲವನ್ನು ಗಮನಿಸದೆ ಕೈ ಚಾಚುತ್ತಾರೆ. ಹಸಿರುಹಾವು ಬೆರಳಿನಷ್ಟು ತೆಳು, ಉದ್ದ ಚೂಪು ಮೂತಿ. ಅದರ ವಿಷ ಮನುಷ್ಯನನ್ನು ಕೊಲ್ಲುವುದಿಲ್ಲ. ಗುಳಿಮಂಡಲ ಮೋಟು ದೇಹದ್ದು, ತಲೆ ಅಗಲ.

ನಿರುಪದ್ರವಿ ಹಾವನ್ನು ಗುರುತಿಸಿದರೆ ಏನು ಲಾಭ, ಸಿಕ್ಕಿದ್ದನ್ನೆಲ್ಲ ಹೊಡೆದರೆ ಅನುಮಾನವೇ ಇರುವುದಿಲ್ಲವಲ್ಲ ಎನ್ನುವ ವಾದವಿದೆ. ಮಕ್ಕಳಿರುವ ಮನೆಯವರು ಹಾಗೆ ಯೋಚಿಸುವುದನ್ನು ತಳ್ಳಿಹಾಕುವಂತಿಲ್ಲ. ಆದರೆ ಹಾವು ಕಚ್ಚುವುದು ಹೆಚ್ಚಾಗಿ ತುಳಿದಾಗ, ಹಿಡಿಯಹೋದಾಗ, ಹೊಡೆಯಹೋದಾಗ. ಕೇರೆಯನ್ನು ಹೊಡೆದರೆ ಗದ್ದೆಯ, ಕಣಜದ, ಕೊಟ್ಟಿಗೆಯ ಇಲಿಗಳು ಉಳಿಯುತ್ತವೆ. ಆ ಇಲಿಗಳನ್ನೇ ಹುಡುಕಿಕೊಂಡು ನಾಗರ, ಕೊಳಕುಮಂಡಲ ಬರುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹೀಗೆ ಹೊಡೆಯುವುದು ಅಪರಾಧ ಎನ್ನುವುದೂ ಇದೆ, ಆದರೆ ಕಾಯ್ದೆಯ ಹೆದರಿಕೆಗಿಂತ ಇಲಿಯ ಲೆಕ್ಕವೇ ರೈತರಿಗೆ ಹೆಚ್ಚು ನಂಬಿಕೆ ತರುವಂಥದ್ದು. ಇನ್ನೊಂದು ಕಾರಣವನ್ನು ಯಾರೂ ಹೆಚ್ಚು ಹೇಳುವುದಿಲ್ಲ. ಇಲ್ಲಿನ ಬಹುಪಾಲು ಜಾತಿಯ ಹಾವುಗಳಲ್ಲಿ ಮನುಷ್ಯನನ್ನು ಕೊಲ್ಲುವ ವಿಷವಿಲ್ಲ, ವಿಷದ ಹಾವು ಕೂಡ ಕೆಲವೊಮ್ಮೆ ವಿಷ ಬಿಡದೆ ಕಚ್ಚುತ್ತದೆ. ಇಂಥ ಕಡಿತಕ್ಕೆ ಬೇರು ಅರೆದು ಹಚ್ಚಿದರೂ ವಾಸಿ, ಮಂತ್ರ ಹಾಕಿದರೂ ವಾಸಿ, ಏನೂ ಮಾಡದಿದ್ದರೂ ವಾಸಿ. ನಾಟಿ ಮದ್ದಿಗೆ ಬಂದ ಹೆಸರಿನ ಬಹುಪಾಲು ನಿಂತಿರುವುದು ಇಂಥ ಕಡಿತಗಳ ಮೇಲೆ. ಆ ಹೆಸರನ್ನು ನಂಬಿ, ನಿಜಕ್ಕೂ ಕೊಳಕುಮಂಡಲ ಕಚ್ಚಿದವರು ಅರ್ಧ ದಿನ ಕಳೆದುಕೊಳ್ಳುತ್ತಾರೆ.

ಇನ್ನು ಕಚ್ಚಿದ ಮೇಲಿನ ಮಾತು. ನಮ್ಮ ದೇಶದಲ್ಲಿ ಬಳಸುವ ಪ್ರತಿವಿಷ ನಾಗರ ಮೊದಲಾದ ಆ ನಾಲ್ಕೂ ಹಾವುಗಳ ವಿಷಕ್ಕೆ ಸೇರಿ ಒಂದೇ ಔಷಧ. ಆದ್ದರಿಂದ ನಾಗರವೋ ಕಟ್ಟುಹಾವೋ ಎಂದು ತೀರ್ಮಾನವಾಗುವವರೆಗೆ ವೈದ್ಯರು ಕಾಯಬೇಕಿಲ್ಲ. ಅವರು ನೋಡುವುದು ಮನುಷ್ಯನನ್ನು: ಕಣ್ಣೆವೆ ಇಳಿದಿದೆಯೇ, ಮಾತು ತೊದಲುತ್ತಿದೆಯೇ, ಊತ ಏರುತ್ತಿದೆಯೇ, ವಸಡಿನಲ್ಲಿ ರಕ್ತವಿದೆಯೇ, ಮೂತ್ರ ಬರುತ್ತಿದೆಯೇ. ಎರಡು ಮಿಲಿಲೀಟರ್ ರಕ್ತವನ್ನು ಒಣಗಿದ, ಶುದ್ಧವಾದ ಗಾಜಿನ ನಳಿಕೆಗೆ ಹಾಕಿ 20 ನಿಮಿಷ ಅಲುಗಾಡಿಸದೆ ಇಟ್ಟು ಓರೆ ಮಾಡುತ್ತಾರೆ. ಹೆಪ್ಪುಗಟ್ಟದೆ ನೀರಿನಂತೆ ಹರಿದರೆ ಮಂಡಲದ ವಿಷ ಕೆಲಸ ಮಾಡುತ್ತಿದೆ ಎಂದೇ ಅರ್ಥ. ಈ ಪರೀಕ್ಷೆಗೆ ದೊಡ್ಡ ಯಂತ್ರ ಬೇಡ, ಸತ್ತ ಹಾವನ್ನು ಗೋಣಿಚೀಲದಲ್ಲಿ ತರುವುದೂ ಬೇಡ. ಹಾವು ಹುಡುಕಲು ಹೋದವರಲ್ಲಿ ಇನ್ನೊಬ್ಬರು ಕಚ್ಚಿಸಿಕೊಳ್ಳುವುದುಂಟು. ಕತ್ತರಿಸಿದ ತಲೆ ಕೂಡ ಕಚ್ಚಬಲ್ಲದು.

ಇದಕ್ಕೆ ಬರುವ ಗಟ್ಟಿಯಾದ ಆಕ್ಷೇಪ ಮಲೆನಾಡಿನದ್ದೇ. ಗುಳಿಮಂಡಲಗಳ ವಿಷಕ್ಕೆ ಈ ಪ್ರತಿವಿಷ ನಾಟುವುದಿಲ್ಲ, ಕಾಳಿಂಗ ಸರ್ಪದ ವಿಷ ಸೇರಿಸಿ ಅದನ್ನು ತಯಾರಿಸಿಲ್ಲ. ಹಾಗಾದರೆ ಹಾವು ಯಾವುದೆಂದು ತಿಳಿಯದೆ ಚಿಕಿತ್ಸೆ ಹೇಗೆ? ಆಕ್ಷೇಪ ನಿಜ. ಗೂನುಮೂಗಿನದ್ದು ಕಚ್ಚಿದವರಿಗೆ ಪ್ರತಿವಿಷ ಸುರಿದರೆ ಪ್ರಯೋಜನವಿಲ್ಲದೆ ಅಲರ್ಜಿಯ ಅಪಾಯವಷ್ಟೇ ಉಳಿಯಬಹುದು. ಪ್ರತಿವಿಷಕ್ಕೆ ಬೇಕಾದ ವಿಷದ ಬಹುಪಾಲು ತಮಿಳುನಾಡಿನ ಇರುಳರ ಸಹಕಾರ ಸಂಘದಿಂದ ಬರುತ್ತದೆ. ಆದರೆ ಒಂದೇ ಜಾತಿಯ ಹಾವಿನ ವಿಷ ಊರಿಂದೂರಿಗೆ ಬೇರೆಯಾಗುತ್ತದೆ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗರ್ ತಂಡ ತೋರಿಸಿಕೊಟ್ಟಿದೆ. ಪಶ್ಚಿಮಘಟ್ಟದ ಕಾಳಿಂಗ ಬೇರೆಯೇ ಜಾತಿ ಎಂದು ವಿಜ್ಞಾನ ಒಪ್ಪಿ ಅದಕ್ಕೆ ಹೆಸರಿಟ್ಟಿದ್ದು 2024ರಲ್ಲಿ. ಹೀಗಿರುವಾಗ ಜಾತಿ ತಿಳಿದರೆ ವೈದ್ಯರಿಗೆ ನೆರವಾಗುತ್ತದೆ. ಆದರೆ ಅದಕ್ಕೆ ದೂರ ನಿಂತು ಮೊಬೈಲಿನಲ್ಲಿ ತೆಗೆದ ಒಂದು ಚಿತ್ರ ಸಾಕು. ಸಿಕ್ಕರೆ ಸರಿ, ಸಿಗದಿದ್ದರೆ ಅದಕ್ಕಾಗಿ ಒಂದು ನಿಮಿಷವೂ ನಿಲ್ಲಬಾರದು. ಪ್ರತಿವಿಷ ಬೇಡದ ಕಡಿತಕ್ಕೂ ಆಸ್ಪತ್ರೆ ಬೇಕು. ರಕ್ತ ಹೆಪ್ಪುಗಟ್ಟುವುದನ್ನು, ಮೂತ್ರಪಿಂಡವನ್ನು ಗಮನಿಸುವವರು ಇರುವುದು ಅಲ್ಲಿಯೇ.

ದೇಶದಲ್ಲಿ 2000ದಿಂದ 2019ರ ನಡುವೆ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ 58,000 ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಇದು ಒಳ್ಳೆಯ ಹೆಜ್ಜೆ. ಆ ವರದಿಗಳಲ್ಲಿ ಕಚ್ಚಿದ ಜಾಗ, ಮಾಡುತ್ತಿದ್ದ ಕೆಲಸ, ಸಾಧ್ಯವಾದರೆ ಹಾವಿನ ಜಾತಿ ದಾಖಲಾದರೆ ಮಲೆನಾಡಿಗೆ ಗುಳಿಮಂಡಲದ ಪ್ರತಿವಿಷ ಬೇಕೇ ಎಂಬುದನ್ನು ಸರ್ಕಾರ ಊಹೆಯಿಂದಲ್ಲ, ಲೆಕ್ಕದಿಂದ ನಿರ್ಧರಿಸಬಹುದು.

ಅಲ್ಲಿಯವರೆಗೆ ತೋಟದ ಮಾಲೀಕರು, ರೈಟರು, ಮೇಸ್ತ್ರಿಗಳು ಮಾಡಬಹುದಾದದ್ದು ಬಹಳ ಇದೆ. ಕೊಯ್ಲಿಗೆ ಅಸ್ಸಾಂನಿಂದ, ಉತ್ತರ ಕರ್ನಾಟಕದಿಂದ ಬರುವವರಿಗೆ ಈ ಗುಡ್ಡದ ಹಾವು ಗೊತ್ತಿರುವುದಿಲ್ಲ. ಲೈನ್ ಮನೆಯ ಗೋಡೆಗೆ ಆರೇಳು ಹಾವುಗಳ ದೊಡ್ಡ ಚಿತ್ರ ಅಂಟಿಸಿ, ಅವರಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಿ. ಗಂಬೂಟು, ಟಾರ್ಚು, ನೆಲದಿಂದ ಎತ್ತರದ ಮಂಚ, ಸೊಳ್ಳೆಪರದೆ ಕೊಡಿ. ಎಲೆ ಸರಿಸಲು ಕೈಗೊಂದು ಕಡ್ಡಿ ಇರಲಿ. ಯಾರಿಗಾದರೂ ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಚೀಪಬೇಡಿ. ಉಂಗುರ, ಬಳೆ ತೆಗೆದು, ಕಚ್ಚಿದ ಕೈ ಅಥವಾ ಕಾಲು ಅಲುಗಾಡದಂತೆ ಪಟ್ಟಿಯ ಆಸರೆ ಕೊಟ್ಟು ಮಲಗಿಸಿ. 108ಕ್ಕೆ ಕರೆ ಮಾಡಿ, ಬರುವುದು ತಡವೆನಿಸಿದರೆ ತೋಟದ ಜೀಪಿನಲ್ಲೇ ಸಕಲೇಶಪುರದ ಸರ್ಕಾರಿ ಆಸ್ಪತ್ರೆಗೆ ಹೊರಡಿ. ಪ್ರತಿವಿಷ ಇದೆಯೇ ಎಂದು ದಾರಿಯಲ್ಲೇ ಫೋನ್ ಮಾಡಿ ಕೇಳಿಕೊಳ್ಳಿ.